ಕೆಂಪು ಕಡಲೆಗೆ ಬಿಳಿ ಹೂವು

ಕಳೆದ ವಾರ ಬೀದರಿನ ಕಾಯಿಪಲ್ಲೆ ಮಾರುಕಟ್ಟೆಯಲ್ಲಿ ಒಬ್ಬಾಕೆ ಗೋಣಿಚೀಲದ ಮೇಲೆ ಕಡಲೆ ಕುಡಿಯ ಗುಡ್ಡೆ ಹಾಕಿಕೊಂಡು ಕೂತಿದ್ದಳು. ದರ ಕೇಳುವ ಮೊದಲೇ ಒಂದು ಕುಡಿ ಎತ್ತಿ ಮೂಗಿಗೆ ಹಿಡಿದೆ, ಆಮೇಲೆ ಬೆರಳು ನೆಕ್ಕಿದೆ. ಐವತ್ತು ದಾಟಿದ ಹೆಂಗಸು, ಹೈಸ್ಕೂಲು ಮೇಡಂ, ಸಂತೆಯ ನಡುವೆ ನಿಂತು ಬೆರಳು ನೆಕ್ಕುವುದೆಂದರೆ ಏನು ಚಂದ! ಮಾರುವಾಕೆ ನಕ್ಕು, "ಹುಳಿ ಅದ ಏನ್ರಿ?" ಎಂದಳು. ಇತ್ತು. ಇಬ್ಬನಿ ಬಿದ್ದ ಮುಂಜಾನೆ ಕಡಲೆ ಎಲೆಯ ಮೇಲೆ ಕೂರುವ ಹುಳಿ ಅದು, ಕೈಗೆ ಅಂಟಿದರೆ ಮಧ್ಯಾಹ್ನದವರೆಗೂ ಹೋಗುವುದಿಲ್ಲ. ನಾಲಿಗೆಗೆ ತಾಗಿದ್ದೇ ತಡ, ಔರಾದ ತಾಲೂಕಿನ ಆ ಹಳ್ಳಿ, ಅಲ್ಲಿನ ಶಾಲೆಯ ಅಡುಗೆಯ ಈರಮ್ಮ, ನಾನು ಜೀವ ಕೈಯಲ್ಲಿ ಹಿಡಿದು ಕಳೆದ ಆ ಒಂದು ಹಿಂಗಾರು ಎಲ್ಲ ನೆನಪಿಗೆ ಬಂತು.

ಮೂರು ವರ್ಷದ ಹಿಂದಿನ ಮಾತು. ಆಗ ನಾನು ಭಾಲ್ಕಿಯಲ್ಲಿ ಹತ್ತನೆಯ ತರಗತಿಗೆ ವಿಜ್ಞಾನ ಹೇಳುತ್ತಿದ್ದೆ. ಆ ವರ್ಷದ ತರಗತಿಯಲ್ಲಿ ಅಂಬಿಕಾ ಎಂಬ ಹುಡುಗಿ ಇದ್ದಳು. ಅವಳ ಮೈಗೆ ಬಣ್ಣ ಕೊಡುವ ಅಂಶ ಹುಟ್ಟಿನಿಂದಲೇ ಇಲ್ಲ. ಕೂದಲು, ರೆಪ್ಪೆ ಎಲ್ಲ ಬಿಳಿ. ಬಿಸಿಲಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ, ಬೋರ್ಡು ಕಾಣುತ್ತಿರಲಿಲ್ಲ, ಅದಕ್ಕೆ ಮೊದಲ ಬೆಂಚು. ಹುಡುಗರು ಅವಳನ್ನು 'ಫಾರಿನ್' ಎಂದು ಕರೆಯುತ್ತಿದ್ದರು. ನಾನು ಕಿವಿ ಹಿಂಡಿದ ದಿನ ಸುಮ್ಮನಾಗುತ್ತಿದ್ದರು, ಮರುದಿನ ಮತ್ತೆ ಅದೇ ರಾಗ. ಪಾಠದಲ್ಲಿ ಅನುವಂಶೀಯತೆಯ ಮಾತು ಬಂದು, ತಂದೆ ತಾಯಿಯ ಗುಣಗಳು ಮಕ್ಕಳಿಗೆ ಬರುತ್ತವೆ ಎಂದು ನಾನು ಓದಿದ್ದಷ್ಟೆ, ಇಡೀ ತರಗತಿ ಅವಳ ಕಡೆ ತಿರುಗಿತು. ಅವಳು ತಲೆ ತಗ್ಗಿಸಿದಳು. ನಾನು ಪುಸ್ತಕ ಮುಚ್ಚಿ, "ಈ ಪಾಠ ಆಮ್ಯಾಲ ನೋಡೋಣ" ಎಂದೆ. ಇಷ್ಟು ವರ್ಷ ಪಾಠ ಮಾಡಿದವಳು ಒಂದು ಪಾಠಕ್ಕೆ ಹೆದರಿ ಓಡಿದ್ದು ಅದೇ ಮೊದಲು. ನನ್ನ ಮೇಲೇ ನನಗೆ ಸಿಟ್ಟು ಬಂತು.

ಆಗಲೇ ಬೆಂಗಳೂರಿನ ಒಂದು ಟ್ರಸ್ಟಿನ ಪತ್ರ ಶಾಲೆಗೆ ಬಂದಿತ್ತು. ಅನುವಂಶೀಯತೆಯನ್ನು ಶಾಲೆಯ ಮಕ್ಕಳಿಗೂ ಊರಿನ ಜನಕ್ಕೂ ತಿಳಿಯುವಂತೆ ಹೇಳುವ ಕೆಲಸಕ್ಕೆ ಹಣ ಕೊಡುತ್ತಾರಂತೆ, ಅರ್ಜಿ ಹಾಕಬಹುದಂತೆ. ಹಾಕಿದೆ. ಮಳೆಗಾಲದ ಒಂದು ದಿನ ಬೀದರಿಗೆ ಕರೆದರು. ಸೀರೆಯ ಅಂಚು ಹಿಂಡಿಕೊಂಡು ಒಳಗೆ ಹೋದರೆ ಮೂವರು ಕೂತಿದ್ದರು. ಪ್ರಶ್ನೆ ಕೇಳಿದ್ದೆಲ್ಲ ಮೇಘನಾ ಎಂಬ ಚಿಕ್ಕ ವಯಸ್ಸಿನ ಹೆಣ್ಣುಮಗಳು.

"ನಮ್ಮ ಹತ್ರ ಒಳ್ಳೆ ಪೋಸ್ಟರ್‌ಗಳಿವೆ, ವಿಡಿಯೋ ಇದೆ. ಅದನ್ನೇ ತೋರಿಸಬಹುದಲ್ವಾ ಮೇಡಂ?"

"ನಮ್ಮ ಕಡಿ ಮಂದಿ ಪೋಸ್ಟರ್ ನೋಡ್ತಾರ್ರಿ. ನೋಡಿ, ಅದರ ಮ್ಯಾಲೇ ಎಲೆಕ್ಷನ್ ಪೋಸ್ಟರ್ ಹಚ್ತಾರ. ಗಿಡ ನೋಡಿದ್ರ ನಂಬ್ತಾರ. ನಾ ಕಡಲಿ ಬೆಳೀತೇನಿ."

"ಕಡಲೆ ಯಾಕೆ? ಪುಸ್ತಕದಲ್ಲಿ ಬಟಾಣಿ ಇದೆಯಲ್ಲ?"

"ನಮ್ಮ ಹುಡುಗರು ಬಟಾಣಿ ನೋಡಿದ್ದು ಪಾನಿಪುರಿ ಗಾಡಿ ಮ್ಯಾಲರಿ. ಕಡಲಿ ಹೊಲದಾಗ ಆಡಿ ಬೆಳದಾರ."

ಆಕೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಹಣ ಮಂಜೂರಾಯಿತು. ಅರ್ಧ ಮೊದಲು. ಹೂ ಬಿಟ್ಟಾಗ ಊರ ಜನರನ್ನು ಸೇರಿಸಿ ಒಂದು ಕಾರ್ಯಕ್ರಮ ಮಾಡಬೇಕು, ಅದನ್ನು ಅವರು ಬಂದು ನೋಡಬೇಕು, ಆಮೇಲೆ ಉಳಿದರ್ಧ. ಅವರಿಗೆ ಒಪ್ಪಿಗೆಯಾದರೆ ಮುಂದಿನ ವರ್ಷ ಭಾಲ್ಕಿ, ಔರಾದ ಎರಡೂ ತಾಲೂಕಿನ ಬೇರೆ ಶಾಲೆಗಳಿಗೂ ಹಣ.

ನಮ್ಮ ಶಾಲೆಯ ಅಂಗಳಕ್ಕೆಲ್ಲ ಫರಸಿ ಕಲ್ಲು ಹಾಸಿ ಮುಗಿಸಿದ್ದರು, ಒಂದು ತುಳಸಿ ನೆಡಲೂ ಮಣ್ಣಿರಲಿಲ್ಲ. ತರಬೇತಿಗಳಲ್ಲಿ ಪರಿಚಯವಾಗಿದ್ದ ಖಾಜಾ ಮಾಸ್ತರು ಔರಾದ ಕಡೆಯ ಹಳ್ಳಿಯೊಂದರಲ್ಲಿ ಮುಖ್ಯೋಪಾಧ್ಯಾಯರು. "ಜಾಗಾದ್ದು ಫಿಕರ್ ಬಿಡ್ರಿ ಮೇಡಂ. ನಮ್ಮ ಸಾಲಿ ಹಿಂದ ಕರಿ ಮಣ್ಣು ಖಾಲಿ ಬಿದ್ದದ" ಎಂದರು. ಬೀಜ ಕೊಟ್ಟವರು ಬೀದರಿನಲ್ಲಿ ಕೃಷಿ ಸಂಶೋಧನೆ ಮಾಡುವ ನನ್ನ ಪರಿಚಯದವರೊಬ್ಬರು. ಗುಲಾಬಿ ಹೂವಿನ ನಮ್ಮ ಕೆಂಪು ಕಡಲೆಯನ್ನೂ ಬಿಳಿ ಹೂವಿನ ಕಾಬೂಲಿ ಕಡಲೆಯನ್ನೂ ಅವರು ಕೂಡಿಸಿದ್ದರು. ಅದರಿಂದ ಹುಟ್ಟಿದ ಗಿಡಗಳೆಲ್ಲ ಗುಲಾಬಿ ಹೂವನ್ನೇ ಬಿಟ್ಟಿದ್ದವು. ಆ ಗುಲಾಬಿ ಗಿಡಗಳ ಬೀಜ ನನ್ನ ಕೈಗೆ ಬಂತು. ನೋಡಿದರೆ ಎಲ್ಲ ಕೆಂಪೇ. ಬಿತ್ತಿದರೆ ಮಾತ್ರ ನಾಲ್ಕಕ್ಕೊಂದು ಗಿಡ ಬಿಳಿ ಹೂ ಬಿಡಬೇಕು.

ಅಂಬಿಕಾಳ ತಾಯಿ ಜಗದೇವಿ ನಮ್ಮ ಓಣಿಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಬ್ಲೌಸಿನ ಅಳತೆ ಕೊಡುತ್ತ, ಇಂಥ ಊರಲ್ಲಿ ಕಡಲೆ ಹಾಕುತ್ತಿದ್ದೇನೆ ಎಂದೆ. ಅವಳ ಹೊಲಿಗೆ ಮಷಿನ್ನು ನಿಂತಿತು.

"ಅದು ನನ್ನ ಗಂಡನ ಊರ್ರಿ ಬಾಯಾರ. ಅಲ್ಲಿ ಸಾಲ್ಯಾಗ ಅಡಗಿ ಮಾಡಾಕಿ ಈರಮ್ಮ ಅಂತ ಇದ್ದಾರಲ್ಲ, ಅವ್ರೇ ನಮ್ಮತ್ತಿ."

ಅಂಬಿಕಾ ತವರಿನಲ್ಲಿ ಹುಟ್ಟಿದ್ದಳಂತೆ. ಬಾಣಂತನ ಮುಗಿಸಿ ಕೂಸನ್ನು ಎತ್ತಿಕೊಂಡು ಹೋದರೆ, ಈರಮ್ಮ ಬಾಗಿಲಲ್ಲೇ ತಡೆದು, ಓಣಿಯವರೆಲ್ಲ ಕೇಳುವಂತೆ, "ನನ್ನ ಮಗ ಕರಿಯ, ನೀ ಕರಿಯಾಕಿ. ನಮ್ಮ ಮನಿತನದಾಗ ಇಂಥಾದ್ದು ಹುಟ್ಟಿಲ್ಲ. ಇದು ನಮ್ಮ ಮನಿ ಕೂಸಲ್ಲ" ಎಂದಿದ್ದಳು. ಗಂಡ ಶಿವರಾಜ ತಾಯಿಯ ಹಿಂದೆ ನಿಂತು ನೆಲ ನೋಡಿದನಂತೆ. ಆಮೇಲೆ ಅವನು ಇನ್ನೊಂದು ಮದುವೆಯನ್ನೇನೂ ಆಗಲಿಲ್ಲ. ಸಂತೆಗೆ ಭಾಲ್ಕಿಗೆ ಬಂದಾಗ ಬಸ್‌ಸ್ಟ್ಯಾಂಡಿನಲ್ಲಿ ಮಗಳನ್ನು ನೋಡಿ, ತಿನ್ನಲು ಕೈಗೆ ಒಂದು ಪೊಟ್ಟಣ ಫರಸಾಣ ಕೊಟ್ಟು ಹೋಗುತ್ತಿದ್ದ. ಏನು ದೊಡ್ಡಸ್ತಿಕೆ! ಕೇಳಿ ನನಗೆ ಮೈಯೆಲ್ಲ ಉರಿಯಿತು.

"ನನಗ ಅವರ ಮನಿ ಬ್ಯಾಡ್ರಿ" ಎಂದಳು ಜಗದೇವಿ. "ಹೊಲದೀನಿ, ಉಂಡೀನಿ. ಖರೆ ಆ ಮಾತು ಅದ ನೋಡ್ರಿ, ಅದು ಇನ್ನೂ ಆ ಊರಾಗ ಅಡ್ಡಾಡಲಕತ್ತದ. ಆಡಿದವ್ರೇ ಅದನ್ನ ತಿರಗಿ ತಗೋಬೇಕು."

ಟ್ರಸ್ಟಿಗೆ ಬರೆದ ಅರ್ಜಿಯಲ್ಲಿ ನಾನು ಏನೇನೋ ಉದ್ದೇಶ ಬರೆದಿದ್ದೆ. ಆವತ್ತಿನಿಂದ ನನಗೆ ಉದ್ದೇಶ ಅಂತ ಇದ್ದದ್ದು ಇದೊಂದೇ.

ಅಕ್ಟೋಬರಿನಲ್ಲಿ ಮಳೆ ಹಿಂದೆಗೆದು ಕರಿ ಮಣ್ಣು ಹದಕ್ಕೆ ಬಂದಾಗ ಬೀಜ ತೆಗೆದುಕೊಂಡು ಹೋದೆ. ಬಿತ್ತುವವರು ಯಾರು ಎಂದರೆ ಖಾಜಾ ಮಾಸ್ತರು ಅಡುಗೆಮನೆಯ ಕಡೆ ಕೈ ತೋರಿಸಿದರು. "ಈರಮ್ಮ ಹಾಕಿದ ಬೀಜ ಹುಸಿ ಹೋಗಂಗಿಲ್ರಿ." ಈರಮ್ಮ ಬಂದಳು. ಹಣೆ ತುಂಬ ವಿಭೂತಿ, ಗಟ್ಟಿ ಮೈಕಟ್ಟು, ನನ್ನನ್ನು ಮೇಲಿಂದ ಕೆಳಗೆ ಅಳೆದು ನೋಡುವ ಕಣ್ಣು. ಬೀಜ ಮೊರಕ್ಕೆ ಸುರಿದು ಕೇರಿದಳು, ಬೆರಳಾಡಿಸಿದಳು, ಒಂದು ಕಲ್ಲು, ಎರಡು ಜೊಳ್ಳು ತೆಗೆದು ಎಸೆದಳು. "ಎಲ್ಲಾ ಒಂದೇ ಜಾತಿ ಕೆಂಪ ಕಡಲಿ. ಚೊಕ್ಕ ಅದಾವು" ಎಂದು ತೀರ್ಪು ಕೊಟ್ಟು, ಸೀರೆ ಎತ್ತಿ ಕಟ್ಟಿ, ಸಾಲಿಗೆ ಸಾಲು ತಾನೇ ಊರಿದಳು. ಬಿಳಿ ಹೂ ಬರುತ್ತದೆ ಎಂದು ನಾನು ಹೇಳಲಿಲ್ಲ. ಬೇಕಂತಲೇ ಹೇಳಲಿಲ್ಲ. ನಾನು ಹೇಳಿದ್ದು ನನ್ನ ಮಾತಾಗುತ್ತಿತ್ತು. ಅವಳ ಕಣ್ಣಿಗೆ ಬಿದ್ದದ್ದು ಅವಳದಾಗಬೇಕಿತ್ತು.

ಪ್ರತಿ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಔರಾದ ಬಸ್ಸು ಹಿಡಿಯುತ್ತಿದ್ದೆ. ಕಡಲೆ ಚೆನ್ನಾಗಿ ಎದ್ದಿತ್ತು. ನವೆಂಬರಿನ ಒಂದು ಶನಿವಾರ ಹೋಗಿ ನೋಡುತ್ತೇನೆ, ಒಂದು ಗಿಡಕ್ಕೂ ತುದಿಯಿಲ್ಲ! ಅಷ್ಟೂ ಸಾಲಿನ ಕುಡಿ ಚಿವುಟಿ ಬೋಳು ಮಾಡಿದ್ದಾರೆ. ಮೇಘನಾ ಬರುವ ದಿನ ನಿಗದಿಯಾಗಿತ್ತು, ಇನ್ನೇನು ಹೂ ಬಿಡಬೇಕಾದ ಸಮಯ. ಅಡುಗೆಮನೆಗೆ ನುಗ್ಗಿದೆ. ಮಕ್ಕಳು ಅವತ್ತು ಉಂಡದ್ದು ಕಡಲೆ ಕುಡಿಯ ಪಲ್ಯ!

ನನ್ನ ಬಾಯಿ ಮೊದಲೇ ಜೋರು. ಆವತ್ತು ಲಂಗು ಲಗಾಮು ಇರಲಿಲ್ಲ. "ಯಾರನ್ನ ಕೇಳಿ ಕೈ ಹಚ್ಚಿದಿ? ನಿನಗ ಕಂಡದ್ದೆಲ್ಲ ಕಿತ್ತಿ ಒಗೆಯೋದೇ ಚಾಳಿ ಏನು?" ಎಂದುಬಿಟ್ಟೆ. ವಯಸ್ಸಿನಲ್ಲಿ ಹಿರಿಯಳಿಗೆ 'ನೀನು' ಅಂದದ್ದು ಒಂದು, ಒಳಗೆ ಇಟ್ಟುಕೊಂಡಿದ್ದ ಸಿಟ್ಟು ಕಡಲೆಯ ನೆಪದಲ್ಲಿ ಹೊರಬಿದ್ದದ್ದು ಇನ್ನೊಂದು.

ಈರಮ್ಮ ಸೌಟು ಕೆಳಗಿಟ್ಟಳು. "ಕುಡಿ ಚೂಟದ ಬಿಟ್ಟದ್ದು ಕಡಲ್ಯೇನ್ರಿ? ಚೂಟಿದ್ರ ಟೊಂಗಿ ಒಡೀತಾವು, ನಾಕ ಹೂ ಬರೋಕಡಿ ಹತ್ತ ಬರ್ತಾವು. ಪುಸ್ತಕ ಓದಿದವ್ರಿಗೆ ಇದೂ ಗೊತ್ತಿಲ್ಲ! ಇಕಾ, ಇನ್ನ ನಾ ನಿಮ್ಮ ಕಡಲ್ಯಾಗ ಕಾಲಿಡಂಗಿಲ್ಲ."

ಅವಳು ಹೇಳಿದ್ದು ಸರಿ. ಕುಡಿ ಚಿವುಟುವುದು ನಮ್ಮ ಕಡೆಯ ಪದ್ಧತಿಯೇ. ಕಡಲೆಯನ್ನು ಹೊಲದಿಂದ ತಂದು ಪಾಠ ಮಾಡಿಟ್ಟ ನನಗೇ ಅದು ಮರೆತಿತ್ತು. ಬಸ್ಸಿನಲ್ಲಿ ಕೂತು ಭಾಲ್ಕಿಯವರೆಗೂ ನನ್ನನ್ನು ನಾನೇ ಬೈದುಕೊಂಡೆ. ಯಾರ ಕಣ್ಣಿಗೆ ಬೀಳಲಿ ಎಂದು ಇಷ್ಟೆಲ್ಲ ಮಾಡಿದೆನೋ ಅವಳನ್ನೇ ನನ್ನ ಬಾಯಿಂದ ಓಡಿಸಿದ್ದೆ.

ಮುಂದಿನ ಶನಿವಾರ ಬಸ್ಸಿಳಿದವಳು ಹೊಲಕ್ಕೆ ಹೋಗಲಿಲ್ಲ, ಸೀದಾ ಅಡುಗೆಮನೆಗೆ ಹೋದೆ. "ತಪ್ಪಾತ್ರಿ ಈರಮ್ಮಾರ" ಎಂದೆ. ಅವಳು ಒಂದು ತಾಟು ತೊಳೆದು, ರೊಟ್ಟಿ, ಪಲ್ಯ ಹಾಕಿ ನನ್ನ ಮುಂದೆ ಸರಿಸಿದಳು. ನಾನು ಉಂಡೆ. ಮೂರನೆಯ ರೊಟ್ಟಿ ಹಾಕುವಾಗ, "ಹಸದಿದ್ರಿ ಅಂತ ಕಾಣ್ತದ ಆವತ್ತ, ಅದಕ್ಕ ಹಂಗ ಒದರಿದ್ರಿ" ಎಂದಳು. ಮೇಘನಾಗೆ ಫೋನು ಮಾಡಿ, ಹೂ ತಡವಾಗುತ್ತದೆ, ಎರಡು ವಾರ ಮುಂದಕ್ಕೆ ಹಾಕಿ ಎಂದೆ. "ಏನಾಯ್ತು ಮೇಡಂ?" "ಏನಿಲ್ರಿ, ಮಕ್ಕಳು ಉಂಡ್ರು" ಎಂದೆ. ಆಕೆಗೆ ಏನು ಅರ್ಥವಾಯಿತೋ, ಒಪ್ಪಿಕೊಂಡಳು.

ಡಿಸೆಂಬರಿನ ಚಳಿಯಲ್ಲಿ ಒಂದು ಮುಂಜಾನೆ ಖಾಜಾ ಮಾಸ್ತರ ಫೋನಿನಿಂದ ಈರಮ್ಮನ ಧ್ವನಿ. "ಬಾಯಾರ, ನಿಮಗ ಬೀಜ ಕೊಟ್ಟಾಂವ ಮೋಸ ಮಾಡ್ಯಾನ್ರಿ. ಕಡಲ್ಯಾಗ ಬೆರಕಿ ಬಂದದ. ನಡನಡುವ ಬಿಳಿ ಹೂ!" ನಾನು ಬಾಯಿ ತೆರೆಯುವ ಮೊದಲೇ ಫೋನು ಕಟ್ಟಾಯಿತು. ತಿರುಗಿ ಮಾಡಿದರೆ ಹತ್ತಲಿಲ್ಲ.

ಆಗ ನನಗೆ ಹೊಳೆಯಿತು. ಬೆರಕೆ ಗಿಡ ಕಂಡರೆ ಒಳ್ಳೆಯ ಒಕ್ಕಲು ಏನು ಮಾಡುತ್ತದೆ? ಬೇರು ಸಮೇತ ಕಿತ್ತು ಬದುವಿಗೆ ಎಸೆಯುತ್ತದೆ. ಬೀಜ ಚೊಕ್ಕ ಇರಬೇಕೆಂದರೆ ಅದೇ ರೀತಿ. ಈರಮ್ಮನಂಥ ಕೆಲಸಗಾತಿ ಊಟದ ಹೊತ್ತಿನ ತನಕ ಕಾಯುವವಳಲ್ಲ. ಬಿಳಿ ಗಿಡಗಳೇ ಇಲ್ಲದ ಹೊಲದಲ್ಲಿ ನಾನು ಊರವರಿಗೆ ಏನು ತೋರಿಸಲಿ? ಜಗದೇವಿಗೆ ಏನು ಹೇಳಲಿ? ಶಾಲೆಗೆ ರಜೆ ಹೇಳಿ ಬಸ್ಸು ಹತ್ತಿದೆ. ಮೊದಲೇ ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು ನಿನ್ನದು ಎಂದು ದಾರಿಯುದ್ದಕ್ಕೂ ಮನಸ್ಸು ಚುಚ್ಚುತ್ತಿತ್ತು. ಡ್ರೈವರ್ ಪ್ರತಿ ಸ್ಟಾಪಿನಲ್ಲೂ ಬೀಡಿ ಸೇದಲು ಇಳಿಯುತ್ತಿದ್ದ. ಅವನನ್ನು ಎತ್ತಿ ಪಕ್ಕಕ್ಕೆ ಕೂರಿಸಿ ನಾನೇ ಬಸ್ಸು ಓಡಿಸಲೇ ಎನಿಸಿತು.

ಶಾಲೆಯ ಹಿಂದೆ ಓಡಿ ಹೋದೆ. ಈರಮ್ಮ ಸಾಲುಗಳ ನಡುವೆ ಕುಕ್ಕರಗಾಲಲ್ಲಿ ಕೂತಿದ್ದಳು. ಸುತ್ತ ಗುಲಾಬಿ ಹೂ, ಚಿವುಟಿದ್ದಕ್ಕೆ ಟೊಂಗೆ ಟೊಂಗೆಗೂ ಹೂ. ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ಬಿಳಿಯವು, ಎಲ್ಲ ನಿಂತ ಜಾಗದಲ್ಲೇ ನಿಂತಿದ್ದವು. ನಾನು ಅಲ್ಲೇ ಬದುವಿನ ಮೇಲೆ ಕೂತುಬಿಟ್ಟೆ.

"ಕೀಳಲಿಲ್ಲ ಏನ್ರಿ?" ಎಂದೆ.

"ಕೈ ಹಾಕಿದ್ದೆ" ಎಂದಳು. "ಹಿಡದು ಜಗ್ಗಬೇಕು ಅನ್ನೋದ್ರಾಗ ನೆನಪಾತು. ಮರದಾಗ ಹಾಕಿ ಕೇರಿದಾಕಿ ನಾ. ಒಂದೊಂದ ಬೀಜ ಆರಿಸಿದಾಕಿ ನಾ. ಊರಿದಾಕಿ ನಾ. ಬೆರಕಿ ಎಲ್ಲಿಂದ ಬರ್ಬೇಕು ಇದರಾಗ? ಕೆಂಪ ಬೀಜಕ್ಕ ಬಿಳಿ ಹೂ ಹ್ಯಾಂಗ ಬಂತು, ಹೇಳ್ರಿ."

ಹೇಳಿದೆ. ಈ ಬೀಜದ ತಾಯಿಗಿಡಗಳೂ ಗುಲಾಬಿಯೇ, ಆದರೆ ಅವುಗಳ ಹಿಂದಿನ ತಲೆಮಾರಿನಲ್ಲಿ ಒಂದು ಬಿಳಿ ಇತ್ತು. ಅದು ಎಲ್ಲೂ ಹೋಗಿರಲಿಲ್ಲ, ಗುಲಾಬಿಯೊಳಗೇ ಕಾಣದ ಹಾಗೆ ಇತ್ತು. "ಒಂದ ಕಡಿಯಿಂದ ಬಂದ್ರ ಹೊರಗ ಕಾಣಂಗಿಲ್ರಿ. ಎರಡೂ ಕಡಿಯಿಂದ ಬಂದು ಕೂಡಿದ್ರನೇ ಬಿಳಿ ಹೂ."

"ಎರಡೂ ಕಡಿಯಿಂದ?"

"ಹೂಂರಿ. ಎರಡೂ ಕಡಿಯಿಂದನೂ ಬರಬೇಕು."

ಈರಮ್ಮ ಹತ್ತಿರದ ಒಂದು ಬಿಳಿ ಹೂವನ್ನು ಬೆರಳಲ್ಲಿ ಎತ್ತಿ ನೋಡಿದಳು. ಆಮೇಲೆ, "ಅಂದ್ರ ನನ್ನ ಮಗನ ಕಡಿಯಿಂದನೂ" ಎಂದಳು.

ನಾನು ಅವಳ ಮಗನ ಹೆಸರು ಎತ್ತಿರಲಿಲ್ಲ, ಅಂಬಿಕಾಳ ಹೆಸರೂ ಎತ್ತಿರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, "ನೀವು ಭಾಲ್ಕಿಯಾಕಿ. ನಿಮಗ ಎಲ್ಲಾ ಗೊತ್ತಿತ್ತು" ಎಂದಳು. ಗೊತ್ತಿತ್ತು ಎಂದೆ. "ಗಿಡಕ್ಕರೆ ತಡದೆ ಕೈ. ಆವತ್ತ ಬಾಗಲದಾಗ ಬಾಯಿ ತಡೀಲಿಲ್ಲ" ಎಂದಳು. ಆಮೇಲೆ ಎದ್ದು ಅನ್ನಕ್ಕೆ ಎಸರಿಡಲು ಹೋದಳು.

ಕಾರ್ಯಕ್ರಮದ ದಿನ ಭಾಲ್ಕಿಯಿಂದ ಎರಡು ಕ್ರೂಸರ್ ಗಾಡಿಯಲ್ಲಿ ಮಕ್ಕಳನ್ನು ಕರೆದೊಯ್ದೆ. ಜಗದೇವಿ ಬರುವುದಿಲ್ಲ, ಬರುವುದಿಲ್ಲ ಎಂದು ಹಟ ಮಾಡಿ, ಗಾಡಿ ಹೊರಡುವ ಹೊತ್ತಿಗೆ ಚಪ್ಪಲಿ ಮೆಟ್ಟಿಕೊಂಡು ಬಂದು ಹಿಂದಿನ ಸೀಟಿನಲ್ಲಿ ಮುಖದ ತನಕ ಸೆರಗೆಳೆದುಕೊಂಡು ಕೂತಳು. ಅಂಬಿಕಾಳಿಗೆ ನಾನು ಮೊದಲೇ ಹೇಳಿದ್ದೆ, ನಿನ್ನ ಮಾತು ಅಲ್ಲಿ ಯಾರೂ ಎತ್ತುವುದಿಲ್ಲ, ನೀನು ಎಲ್ಲರ ಹಾಗೆ ಹೂ ಎಣಿಸಲು ಬರುತ್ತೀ ಅಷ್ಟೇ. ಮಕ್ಕಳು ಸಾಲುಸಾಲಾಗಿ ಎಣಿಸಿದರು. ಸರಿಸುಮಾರು ಮೂರು ಗುಲಾಬಿಗೆ ಒಂದು ಬಿಳಿ. ಊರವರು ಬದುವಿನ ಮೇಲೆ ನಿಂತು ಬಾಯಿ ಬಿಟ್ಟು ನೋಡಿದರು. ಮೇಘನಾ ಹಿಗ್ಗಿಹೋಗಿದ್ದಳು. ಅಂಬಿಕಾಳನ್ನು ನೋಡಿ ನನ್ನ ಕಿವಿಯಲ್ಲಿ, "ಆ ಹುಡುಗಿ ಬಿಳಿ ಹೂ ಹಿಡ್ಕೊಂಡ್ರೆ ಒಂದು ಒಳ್ಳೇ ಫೋಟೋ ಆಗುತ್ತೆ ಮೇಡಂ" ಎಂದಳು. "ಫೋಟೋ ಬೇಕಂದ್ರ ಗಿಡದ್ದು ತಗೋರಿ. ಆಕಿ ಓದಾಕ ಬಂದಾಳ" ಎಂದೆ. ಉಳಿದರ್ಧ ಹಣ ಹೋದರೆ ಹೋಗಲಿ ಎಂದುಕೊಂಡೆ. ಮೇಘನಾ ಕೆಂಪಾದಳು, "ಸಾರಿ ಮೇಡಂ, ನೀವು ಹೇಳಿದ್ದೇ ಸರಿ" ಎಂದು ಕ್ಯಾಮೆರಾ ಮುಚ್ಚಿಟ್ಟಳು. ಒಳ್ಳೆಯ ಹುಡುಗಿ.

ನಾನು ಮೈಕು ಹಿಡಿದು ಎರಡು ಕಡೆಯಿಂದ ಬರುವ ಮಾತು ಹೇಳಿ ಮುಗಿಸಿದೆ. ಜನ ತಲೆಯಾಡಿಸಿದರು. ಅಷ್ಟರಲ್ಲಿ ಈರಮ್ಮ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದು, ನನ್ನ ಕೈಯಿಂದ ಮೈಕು ತೆಗೆದುಕೊಂಡಳು. ಬಾಯಿಗೆ ತೀರಾ ಹತ್ತಿರ ಹಿಡಿದದ್ದರಿಂದ ಮೊದಲು ಬರೀ ಉಸಿರು ಕೇಳಿಸಿತು.

"ಈ ಬೀಜ ನಾ ಹಾಕೀನಿ. ಇದರಾಗ ಬೆರಕಿ ಇರಲಿಲ್ಲ. ಅದಕ್ಕ ನಾ ಸಾಕ್ಷಿ. ಹದಿನೈದ ವರ್ಷದ ಹಿಂದ ನನ್ನ ಬಾಗಲದಾಗ ನಿಂತು, ನಿಮ್ಮೆಲ್ಲರ ಮುಂದ, ನನ್ನ ಸೊಸಿಗಿ ಒಂದ ಮಾತ ಆಡಿದ್ದೆ. ಆ ಮಾತ ಸುಳ್ಳ ಅದ. ಆಕಿ ಮಗಳು ನಮ್ಮ ಮನಿ ಕೂಸ. ಯಾರರೆ ಇನ್ನ ಮ್ಯಾಲ ಆ ಮಾತ ಆಡಿದ್ರ ನನ್ನ ಮುಂದ ಬಂದು ಆಡ್ರಿ."

ಶಿವರಾಜ ಜನರ ನಡುವೆ ನಿಂತು ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣು ಒತ್ತಿಕೊಂಡ. ಈರಮ್ಮ ಮುಂದೆ ಏನು ಹೇಳಬೇಕೆಂದು ತೋಚದೆ ಅದೇ ಮಾತು ಮತ್ತೆ ಶುರು ಮಾಡಿದಳು, "ಆ ಮಾತ ಸುಳ್ಳ..." ಆಗ ಹೆಂಗಸರ ಹಿಂದಿನಿಂದ ಜಗದೇವಿ ಸೆರಗು ಸರಿಸಿ ಎದ್ದು ನಿಂತಳು.

"ಅತ್ತಿ, ಮೈಕ್ ಬಂದ್ ಮಾಡ್ರಿ. ಕೇಳಸ್ತು."

ಯಾರೋ ನಕ್ಕರು, ಯಾರೋ ಅತ್ತರು. ನಾನು ಎರಡನ್ನೂ ಮಾಡಿದೆ. ಈರಮ್ಮ ಬಂದು ಸೊಸೆಯ ಕೈ ಹಿಡಿದಳು, ಮೊಮ್ಮಗಳ ಕೆನ್ನೆ ಮುಟ್ಟಿದಳು. ಅಂಬಿಕಾ ಮೂಗು ಮುರಿದು, "ಅಜ್ಜಿ, ಕೈ ಹುಳಿ ವಾಸನಿ" ಎಂದಳು. ತಿರುಗಿ ಬರುವಾಗ ಗಾಡಿಯಲ್ಲಿ ಹುಡುಗರ ಗದ್ದಲ ಕಿವಿ ಕಿತ್ತುಹೋಗುವಷ್ಟಿತ್ತು. ಜಗದೇವಿ ಮಾತ್ರ ನನ್ನ ಹೆಗಲಿಗೆ ತಲೆ ಹಚ್ಚಿ ಭಾಲ್ಕಿ ಬರುವ ತನಕ ಗಾಢ ನಿದ್ದೆ ಮಾಡಿದಳು.

ಅವಳು ಆ ಮನೆಗೆ ಬಾಳಲು ಹೋಗಲಿಲ್ಲ. ಈಗಲೂ ಭಾಲ್ಕಿಯಲ್ಲೇ ಹೊಲಿಯುತ್ತಾಳೆ, ಶಿವರಾಜನೇ ಇತ್ತ ಹೆಚ್ಚು ಇರುತ್ತಾನೆ. ಎಳ್ಳಮಾವಾಸ್ಯೆಗೆ ಮಾತ್ರ ತಾಯಿ ಮಗಳು ಹೊಲದಲ್ಲಿ ಈರಮ್ಮನ ಕೈಯ ಕಾಳು-ಸೊಪ್ಪಿನ ಭಜ್ಜಿ ಉಂಡು ಬರುತ್ತಾರೆ. ಟ್ರಸ್ಟು ಉಳಿದ ಹಣವನ್ನೂ ಕೊಟ್ಟಿತು, ಈಗ ಎರಡೂ ತಾಲೂಕಿನ ಎಷ್ಟೋ ಶಾಲೆಗಳ ಹಿಂದೆ ಕಡಲೆ ಬೆಳೆಯುತ್ತದೆ. ಕುಡಿ ಯಾವಾಗ ಚಿವುಟಬೇಕು ಎಂಬುದನ್ನೂ ಕೈಪಿಡಿಯಲ್ಲಿ ಸೇರಿಸಿದ್ದೇನೆ. ಅಂಬಿಕಾ ಬೀದರಿನಲ್ಲಿ ಬಿ.ಎ. ಓದುತ್ತಿದ್ದಾಳೆ. ವಿಜ್ಞಾನ ತೆಗೆದುಕೊಳ್ಳಲಿಲ್ಲ ಎಂದು ನನಗೆ ಇನ್ನೂ ಸಿಟ್ಟಿದೆ.

ಆದರೆ ಆ ಸೋಮವಾರ ನೆನಪಾದರೆ ಸಿಟ್ಟು ನಿಲ್ಲುವುದಿಲ್ಲ. ಕಾರ್ಯಕ್ರಮ ಮುಗಿದ ಮೊದಲ ಸೋಮವಾರ ತರಗತಿಗೆ ಹೋಗಿ, ಆವತ್ತು ಮುಚ್ಚಿದ್ದ ಪಾಠವನ್ನು ತೆರೆದೆ. ತಂದೆ ತಾಯಿಯ ಗುಣಗಳು ಮಕ್ಕಳಿಗೆ ಬರುತ್ತವೆ ಎಂದು ಓದಿದೆ. ಎಲ್ಲರೂ ಮತ್ತೆ ಮೊದಲ ಬೆಂಚಿನ ಕಡೆ ತಿರುಗಿದರು. ಅಂಬಿಕಾ ತಲೆ ತಗ್ಗಿಸಲಿಲ್ಲ, ಕೈ ಎತ್ತಿದಳು.

"ಎರಡೂ ಕಡಿಯಿಂದ ಬರ್ತಾವ್ರಿ ಮೇಡಂ. ಹ್ಯಾಂಗ ಅಂತ ನಾ ಹೇಳ್ಲೇನ್ರಿ?"

ನಾನು ಸೀಮೆಸುಣ್ಣ ಅವಳ ಕೈಗೆ ಕೊಟ್ಟು, ಅವಳ ಜಾಗದಲ್ಲಿ ಕೂತೆ.